ಭಾಷೆ ಓದಿದರೆ ಹೊಟ್ಟೆ ತುಂಬುತ್ತಾ ಅನ್ನೋರಿಗೆ: ನಿಮ್ಮ ಹೊಲದ ಹಳೇ ಕಾಗದ ಓದೋರು ಯಾರು?

ಪಿಯುಸಿ ರಿಸಲ್ಟ್ ಬಂದ ವಾರ ಊರಲ್ಲಿ ಎಲ್ಲರೂ ಬುದ್ಧಿ ಹೇಳುವವರೇ. ಕಟಿಂಗ್ ಶಾಪಿನಲ್ಲಿ, ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ, ಮದುವೆ ಊಟದ ಪಂಕ್ತಿಯಲ್ಲಿ ಅದೇ ಮಾತು. ಇಂಜಿನಿಯರಿಂಗ್ ಅಂದರೆ ತಲೆದೂಗುತ್ತಾರೆ. ನರ್ಸಿಂಗ್ ಅಂದರೆ ಪರವಾಗಿಲ್ಲ ಅಂತಾರೆ. ಬಿಕಾಂ ಅಂದರೆ ಬ್ಯಾಂಕಿನ ಕನಸು ಕಾಣುತ್ತಾರೆ. ಆದರೆ ಒಬ್ಬ ಹುಡುಗಿ "ಬಿಎಗೆ ಸೇರಿ ಉರ್ದು-ಪಾರ್ಸಿ ಓದ್ತೀನಿ" ಅಥವಾ "ಜಪಾನಿ ಭಾಷೆ ಓದ್ತೀನಿ" ಅಂದು ನೋಡಲಿ. ಕಟ್ಟೆ ಮೇಲಿದ್ದವರೆಲ್ಲ ಒಟ್ಟಿಗೆ ಕೇಳುತ್ತಾರೆ: "ಭಾಷೆ ಓದಿದರೆ ಹೊಟ್ಟೆ ತುಂಬುತ್ತೇನವ್ವಾ?"

ಈ ಪ್ರಶ್ನೆ ಕೇಳುವವರು ಕೆಟ್ಟವರಲ್ಲ. ಬಡತನ ಕಂಡವರು. ಆದರೂ ಈ ಪ್ರಶ್ನೆ ತಪ್ಪು. ಅದರಿಂದ ಹೆಚ್ಚು ನಷ್ಟ ಆಗುತ್ತಿರುವುದು ಹಳ್ಳಿಯವರಿಗೇ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ, ಕೊನೆತನಕ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಮೊದಲು ಹೊಲದ ಮಾತು

ನಮ್ಮ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಮೊದಲು ಪಾರ್ಸಿ. 1880ರ ದಶಕದಲ್ಲಿ ಅದು ಉರ್ದು ಆಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಕರ್ನಾಟಕದೊಳಗೆ ಬಂದೆವು. ಆಡಳಿತ ಬದಲಾಯಿತು, ಕಚೇರಿಯ ಬೋರ್ಡು ಬದಲಾಯಿತು. ರೆಕಾರ್ಡ್ ರೂಮಿನೊಳಗಿನ ಕಾಗದ ಮಾತ್ರ ಬದಲಾಗಲಿಲ್ಲ. ಅದು ಇನ್ನೂ ಉರ್ದುವಿನಲ್ಲೇ ಇದೆ.

ಆ ಕಡೆ ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಪ್ರಾಂತದಲ್ಲಿದ್ದವು. ಅಲ್ಲಿಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ ಸಿಗುತ್ತದೆ. ಭಾಷೆ ಮರಾಠಿ, ಆದರೆ ಈಗಿನ ಮರಾಠಿ ಪುಸ್ತಕದ ಅಕ್ಷರ ಅಲ್ಲ. ಲೇಖಣಿ ಎತ್ತದೆ ಸರಸರ ಬರೆದುಕೊಂಡು ಹೋಗಲು ಮಾಡಿಕೊಂಡ ಕೂಡು ಬರಹ. ಮರಾಠಿ ಮನೆಮಾತಿನವರಿಗೂ ಅದನ್ನು ಕಲಿಯದೆ ಓದಲು ಬರುವುದಿಲ್ಲ.

ಈಗ ನಿಮ್ಮ ಊರಿನ ಯಾವುದಾದರೂ ಜಮೀನಿನ ತಂಟೆ ನೆನೆಸಿಕೊಳ್ಳಿ. ಅಣ್ಣತಮ್ಮಂದಿರ ಪಾಲು, ಇನಾಮು ಜಮೀನು, ದೇವಸ್ಥಾನದ ಜಮೀನು, ದರ್ಗಾದ ಜಮೀನು, ಕೆರೆ ಅಂಗಳದ ಒತ್ತುವರಿ. ಕೇಸು ಮೂಲಕ್ಕೆ ಹೋದಷ್ಟೂ ಕಾಗದ ಹಳೆಯದಾಗುತ್ತದೆ. ವಕೀಲರು "ಮೂಲ ದಾಖಲೆ ತನ್ನಿ" ಅಂತಾರೆ. ಕಚೇರಿಯಲ್ಲಿ ನಕಲು ಕೊಡುತ್ತಾರೆ. ಅದನ್ನು ಕೈಯಲ್ಲಿ ಹಿಡಿದರೆ ಒಂದಕ್ಷರ ತಿಳಿಯುವುದಿಲ್ಲ. ನಿಮ್ಮ ಅಜ್ಜನ ಹೆಸರು ಆ ಹಾಳೆಯಲ್ಲೇ ಇರುತ್ತದೆ, ನಿಮ್ಮ ಕಣ್ಣೆದುರಿಗೇ ಇರುತ್ತದೆ, ನಿಮಗೆ ಕಾಣುವುದಿಲ್ಲ.

ನಾನು ಸುದ್ದಿಗಾಗಿ ತಾಲೂಕು ಕಚೇರಿಗಳನ್ನು ಸುತ್ತುವವನು. ಇಂಥ ನಕಲು ಹಿಡಿದು "ಇದನ್ನು ಓದೋರು ಯಾರಾದರೂ ಇದ್ದಾರಾ ಸಾಹೇಬ್ರೆ" ಅಂತ ಕೇಳುವ ಮುದುಕರನ್ನು ಎಷ್ಟೋ ಸಲ ನೋಡಿದ್ದೇನೆ. ಯಾರೋ ಒಬ್ಬ ನಿವೃತ್ತ ಮಾಸ್ತರರ ಹೆಸರು ಹೇಳುತ್ತಾರೆ. ಅವರಿಗೆ ಎಂಬತ್ತು ದಾಟಿರುತ್ತದೆ, ಕಣ್ಣು ಮಂಜಾಗಿರುತ್ತದೆ. ಅವರಾದ ಮೇಲೆ ಯಾರು? ಈ ಪ್ರಶ್ನೆಗೆ ಕಟ್ಟೆ ಮೇಲೆ ಕೂತವರು ಉತ್ತರ ಕೊಡುವುದಿಲ್ಲ.

ಓದಲು ಬರುವವರು ಕಡಿಮೆಯಾದಷ್ಟೂ ಅವರು ಹೇಳಿದ್ದೇ ವೇದವಾಗುತ್ತದೆ. ಸರಿಯಾಗಿ ಓದಿದರೋ, ಎದುರು ಪಾರ್ಟಿಗೆ ಬೇಕಾದಂತೆ ಓದಿದರೋ, ನಿಮಗೆ ತಿಳಿಯುವ ದಾರಿಯೇ ಇಲ್ಲ. ಭಾಷೆ ಓದಿದ ಹುಡುಗಿಯ ಹೊಟ್ಟೆ ತುಂಬುತ್ತದೋ ಇಲ್ಲವೋ ಆಮೇಲೆ ನೋಡೋಣ. ಭಾಷೆ ಓದಿದವರು ಇಲ್ಲದಿದ್ದರೆ ನಿಮ್ಮ ಹೊಟ್ಟೆ ತುಂಬಿಸುವ ಹೊಲ ನಿಮ್ಮದು ಅಂತ ತೋರಿಸುವುದು ಹೇಗೆ, ಅದನ್ನು ಮೊದಲು ಹೇಳಿ.

"ಈಗ ಮೊಬೈಲ್‌ನಲ್ಲೇ ಅನುವಾದ ಆಗುತ್ತಲ್ಲ" ಅಂತ ಹುಡುಗರು ಹೇಳುತ್ತಾರೆ. ಅಚ್ಚಾದ ಪುಸ್ತಕದ ಪುಟಕ್ಕೆ ಆಗಬಹುದು. ಹುಳ ತಿಂದ, ಶಾಯಿ ಹರಡಿದ, ಗುಮಾಸ್ತ ಅವಸರದಲ್ಲಿ ಗೀಚಿದ ಹಾಳೆಯ ಫೋಟೋ ಹಾಕಿ ನೋಡಿ, ಗೊತ್ತಾಗುತ್ತದೆ. ಒಂದು ವೇಳೆ ನಾಳೆ ಮೊಬೈಲ್ ಅದನ್ನೂ ಓದಿತು ಅನ್ನಿ. ಅದು ಓದಿದ್ದು ಸರಿ ಅಂತ ಸಹಿ ಹಾಕಿ, ಕೋರ್ಟಿನಲ್ಲಿ ನಿಂತು ಜವಾಬು ಕೊಡುವವರು ಮನುಷ್ಯರೇ ಆಗಬೇಕು.

ನಾವು ಆಡುವ ಮಾತೇ ಏಷ್ಯಾ

"ಪಾರ್ಸಿ, ಅರಬ್ಬಿ, ಮರಾಠಿ ನಮಗ್ಯಾಕೆ" ಅನ್ನುವವರು ಈ ವಾಕ್ಯ ಓದಿ: "ರೈತ ತನ್ನ ಜಮೀನಿನ ಹಕ್ಕಿಗಾಗಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟ."

ರೈತ ಅರಬ್ಬಿಯಿಂದ ಬಂದ ಮಾತು. ಹಕ್ಕು ಅರಬ್ಬಿ. ಅರ್ಜಿ ಅರಬ್ಬಿ. ಜಮೀನು ಪಾರ್ಸಿ. ತಹಶೀಲ್ದಾರ್‌ನಲ್ಲಿ ತಹಶೀಲ್ ಅರಬ್ಬಿ, ದಾರ್ ಪಾರ್ಸಿ. ಅಚ್ಚಗನ್ನಡ ಉಳಿದದ್ದು "ತನ್ನ" ಮತ್ತು "ಕೊಟ್ಟ". ಹೀಗೇ ತಾಲೂಕು, ಜಿಲ್ಲೆ, ವಕೀಲ, ದಾವೆ, ಕಾನೂನು ಅರಬ್ಬಿಯಿಂದ ಬಂದವು. ಸರ್ಕಾರ, ರಸೀದಿ, ದಸ್ತಾವೇಜು ಪಾರ್ಸಿಯವು. ನಾವು ದಿನಾ ಮೊಬೈಲ್‌ನಲ್ಲಿ ತೆಗೆದು ನೋಡುವ ಪಹಣಿ ಮರಾಠಿಯ "ಪಾಹಣೆ", ಅಂದರೆ ನೋಡುವುದು ಎಂಬ ಮಾತಿನ ಮಗು.

ಇದರಿಂದ ಕನ್ನಡ ಚಿಕ್ಕದಾಗಲಿಲ್ಲ. ಬಂದದ್ದನ್ನೆಲ್ಲ ಅರಗಿಸಿಕೊಂಡು ದೊಡ್ಡದಾಯಿತು. ಕಷ್ಟ ಇರುವುದು ಬೇರೆ ಕಡೆ. ಪಾರ್ಸಿ-ಅರಬ್ಬಿ ಬಲ್ಲವರ ಕೈಯಲ್ಲಿ ಆಗ ಅಧಿಕಾರ ಇತ್ತು, ಇಂಗ್ಲಿಷ್ ಬಲ್ಲವರ ಕೈಯಲ್ಲಿ ಈಗ ಅಧಿಕಾರ ಇದೆ. ರೈತ ಎರಡೂ ಕಾಲದಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕೂತು "ಏನಂತ ಬರ್ದಾರ್ರೀ?" ಅಂತ ಕೇಳುತ್ತಲೇ ಇದ್ದಾನೆ. ರೈತನ ಮಗಳು ಆ ಭಾಷೆ ಕಲಿಯಲಿ ಅಂದರೆ ಮಾತ್ರ ಎಲ್ಲರಿಗೂ ನಗು.

ಹಿತ್ತಲ ಗಿಡ ಮದ್ದಲ್ಲ

ಭೀಮಾ ದಡದ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ನಮ್ಮ ಭಾಗದವರೆಲ್ಲ ಹೋಗುತ್ತಾರೆ. ಅಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವೇ ಸಿಕ್ಕಿತು. ಅಲ್ಲಿಯ ಒಂದು ಶಿಲ್ಪದ ಮೇಲೆ ಅಶೋಕ ರಾಜನ ಹೆಸರೇ ಬರೆದಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲೂ ಅಶೋಕನ ಹೆಸರಿದೆ. ಅದನ್ನು ಕಂಡವನು ಚಿನ್ನ ಹುಡುಕುತ್ತಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರು.

ಬೀದರಿಗೆ ಹೋದರೆ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇದೆ, 1472ರದ್ದು. ಅವನು ಇರಾನಿನ ಗಿಲಾನ್‌ನಿಂದ ಬಂದವನು. ಅವನು ಬರೆದ ಪಾರ್ಸಿ ಪತ್ರಗಳು ಇಂದಿಗೂ ಉಳಿದಿವೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ ಹಾಡುಗಳ ಪುಸ್ತಕವನ್ನೇ ಬರೆದ. ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ 1960ರ ದಶಕದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಅಲ್ಲಿಯ ಮಠಗಳಲ್ಲಿ ಟಿಬೆಟನ್ ಭಾಷೆಯ ದೊಡ್ಡ ವಿದ್ಯೆ ನಡೆಯುತ್ತದೆ.

ಅಂದರೆ ಪ್ರಾಕೃತ, ಪಾರ್ಸಿ, ದಖನಿ, ಟಿಬೆಟನ್ ಎಲ್ಲವೂ ನಮ್ಮ ಮನೆ ಹಿತ್ತಲಲ್ಲೇ ಇವೆ. ಏಷ್ಯಾ ಅಂದರೆ ಎಲ್ಲೋ ದೂರದ ದೇಶ ಅಂದುಕೊಂಡಿದ್ದೇವೆ. ನಮ್ಮ ಬಸ್ ರೂಟಿನಲ್ಲೇ ಅದು ಇದೆ. ನಮ್ಮ ಡಿಗ್ರಿ ಹುಡುಗನಿಗೆ ಫ್ರಾನ್ಸಿನ ಕ್ರಾಂತಿಯ ಇಸವಿ ಗೊತ್ತು, ತನ್ನ ತಾಲೂಕಿನ ಕಲ್ಲಿನ ಮೇಲೆ ಏನು ಬರೆದಿದೆ ಅಂತ ಗೊತ್ತಿಲ್ಲ. ತಪ್ಪು ಅವನದ್ದಲ್ಲ. ಅವನಿಗೆ ಕಲಿಸುವ ಏರ್ಪಾಡು ಮಾಡದವರದ್ದು.

ಅಮೆರಿಕದವರು ಯಾಕೆ ಓದಿದರು?

ಬೇರೆಯವರು ಇದನ್ನೇ ಡಿಗ್ರಿ ಮಾಡಿ ಓದುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ "ಏಷ್ಯಾದ ಭಾಷೆಗಳು ಮತ್ತು ಸಂಸ್ಕೃತಿಗಳು" ಎಂಬ ಹೆಸರಿನ ವಿಭಾಗಗಳೇ ಇವೆ. ಹದಿನೆಂಟರ ಹುಡುಗ ಅಲ್ಲಿ ಒಂದು ಏಷ್ಯಾ ಭಾಷೆ ಹಿಡಿದು ವರ್ಷಗಟ್ಟಲೆ ಕಲಿಯುತ್ತಾನೆ, ಜೊತೆಗೆ ಆ ನಾಡಿನ ಚರಿತ್ರೆ, ಧರ್ಮ, ಸಾಹಿತ್ಯ, ಸಿನಿಮಾ ಓದುತ್ತಾನೆ.

ಇದು ಅವರಿಗೆ ಏಷ್ಯಾ ಮೇಲಿನ ಪ್ರೀತಿಯಿಂದ ಆದದ್ದು ಅಂತ ತಿಳಿಯಬೇಡಿ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಅಮೆರಿಕ ಬೆಚ್ಚಿಬಿತ್ತು. ಮರುವರ್ಷ 1958ರಲ್ಲಿ "ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ" ತಂದಿತು. ವಿಜ್ಞಾನ, ಗಣಿತದ ಜೊತೆಗೆ ಹೊರನಾಡಿನ ಭಾಷೆಗಳ ಕಲಿಕೆಗೂ ಅದರಲ್ಲಿ ದುಡ್ಡು ಇಟ್ಟಿತು. ಕಾಯ್ದೆಯ ಹೆಸರು ಗಮನಿಸಿ: ರಕ್ಷಣೆ. ಭಾಷೆ ಅಂದರೆ ಬಲ ಅಂತ ಅವರಿಗೆ ಗೊತ್ತಿತ್ತು.

ಊರಿನ ಹಿರಿಯರಿಗೆ ಪಿಎಲ್-480 ಗೋಧಿ ನೆನಪಿರಬಹುದು. ಅದು 1954ರ ಅಮೆರಿಕದ ಕಾನೂನು. ನಮಗೆ ಗೋಧಿ ಮಾರಿ ಬಂದ ರೂಪಾಯಿಯಲ್ಲಿ ಒಂದು ಪಾಲನ್ನು ಅವರು 1960ರ ದಶಕದಲ್ಲಿ ನಮ್ಮ ಪುಸ್ತಕಗಳನ್ನು ಕೊಳ್ಳಲು ಬಳಸಿದರು. ಕನ್ನಡ ಪುಸ್ತಕಗಳೂ ಸೇರಿ ಭಾರತದ ಭಾಷೆಗಳ ಪುಸ್ತಕಗಳು ಹಡಗು ಹತ್ತಿ ಅಲ್ಲಿಯ ಲೈಬ್ರರಿ ಸೇರಿದವು. ನಾವು ಗೋಧಿ ತಿಂದು ಮುಗಿಸಿದೆವು. ಪುಸ್ತಕ ಅವರ ಕಪಾಟಿನಲ್ಲಿ ಇನ್ನೂ ಇದೆ.

ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅಂಥ ಒಂದು ವಿಭಾಗ ಇದ್ದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದರು. 1973ರಲ್ಲಿ ಅವರ "ಸ್ಪೀಕಿಂಗ್ ಆಫ್ ಶಿವ" ಬಂತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳನ್ನು ಇಂಗ್ಲಿಷ್ ಓದುವ ಜಗತ್ತು ಆ ಪುಸ್ತಕದಿಂದ ತಿಳಿಯಿತು. ಅದಕ್ಕೂ ಮುಂಚೆ ಜರ್ಮನಿಯ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದ್ದರು. ಬಂದದ್ದು ಪಾದ್ರಿಯ ಕೆಲಸಕ್ಕೆ. ಕಲಿತದ್ದು ಮಾತ್ರ ಕನ್ನಡಕ್ಕೆ ಉಳಿಯಿತು.

ಈಗ ನಮ್ಮ ನಡವಳಿಕೆ ನೋಡಿ. ಯಾರೋ ಬಿಳಿ ಹುಡುಗಿ ಯೂಟ್ಯೂಬಿನಲ್ಲಿ "ನಮಸ್ಕಾರ, ಊಟ ಆಯ್ತಾ" ಅಂದರೆ ಲಕ್ಷ ಲಕ್ಷ ಲೈಕು ಒತ್ತುತ್ತೇವೆ. ನಮ್ಮದೇ ಹುಡುಗಿ ಐಚ್ಛಿಕ ಕನ್ನಡ ತಗೋತೀನಿ ಅಂದರೆ "ಬೇರೆ ಏನೂ ಸಿಗಲಿಲ್ಲವಾ" ಅಂತೇವೆ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಾಗ ಪಟಾಕಿ ಹೊಡೆದೆವು. ಹಳಗನ್ನಡ ಓದಲು ಒಬ್ಬ ಮಗನನ್ನೂ ಕಳಿಸಲಿಲ್ಲ. ಸ್ಥಾನಮಾನವನ್ನು ಗೋಡೆಗೆ ನೇತು ಹಾಕಬಹುದು, ಓದುವುದಕ್ಕೆ ಆಳು ಬೇಕು.

ಕೆಲಸದ ಮಾತಿಗೆ ಬರೋಣ

ಭಾಷೆ ಓದಿದ ಕೂಡಲೇ ಕೆಲಸ ಬಾಗಿಲಿಗೆ ಬರುತ್ತದೆ ಅಂತ ಹೇಳಿದರೆ ಅದು ಸುಳ್ಳು. ಇಂಜಿನಿಯರಿಂಗ್ ಓದಿದರೂ ಬರುವುದಿಲ್ಲ, ಅದು ನಿಮಗೂ ಗೊತ್ತು. ಸಾಲ ಮಾಡಿ ಬಿಇ ಓದಿಸಿ, ಮಗ ಈಗ ಊಟ ತಲುಪಿಸುವ ಬೈಕ್ ಓಡಿಸುತ್ತಿರುವ ಮನೆ ನಿಮ್ಮ ಊರಲ್ಲೂ ಇದೆ. ಅಲ್ಲಿ ಹೋಗಿ ಯಾರೂ "ಇಂಜಿನಿಯರಿಂಗ್ ಓದಿದರೆ ಹೊಟ್ಟೆ ತುಂಬುತ್ತಾ" ಅಂತ ಕೇಳುವುದಿಲ್ಲ.

ಭಾಷೆ ಬಲ್ಲವರಿಗೆ ಬೇಡಿಕೆ ಎಲ್ಲಿದೆ ಅಂತ ಲೆಕ್ಕ ಹಾಕಿ. ಬಿಡದಿಯಲ್ಲಿ ಟೊಯೋಟಾ ಇದೆ. ಕೋಲಾರದ ನರಸಾಪುರದಲ್ಲಿ ಹೋಂಡಾ ಬೈಕಿನ ಕಾರ್ಖಾನೆ ಇದೆ. ಎರಡೂ ಜಪಾನಿನವು. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಇದೆ, ಅದು ತೈವಾನಿನದ್ದು. ನಮ್ಮ ಹುಡುಗರು ಅಲ್ಲಿ ಲೈನಿನಲ್ಲಿ ನಿಂತು ಕೆಲಸ ಮಾಡುತ್ತಾರೆ. ಮೇಲಿನವರ ಮಾತನ್ನು ಕೆಳಗಿನವರಿಗೆ, ಕೆಳಗಿನವರ ಕಷ್ಟವನ್ನು ಮೇಲಿನವರಿಗೆ ದಾಟಿಸುವ ಕುರ್ಚಿಗೆ ನಮ್ಮ ಹಳ್ಳಿಯ ಮಕ್ಕಳು ಯಾಕೆ ಏರಬಾರದು?

2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಒಂದು ಒಪ್ಪಂದ ಮಾಡಿಕೊಂಡವು. ನರ್ಸಿಂಗ್ ಆರೈಕೆ, ಕಟ್ಟಡ, ಕೃಷಿ ಮುಂತಾದ 14 ಕ್ಷೇತ್ರಗಳಿಗೆ ಕೌಶಲ ಇರುವವರನ್ನು ಕಳಿಸುವ ಒಪ್ಪಂದ. ಅದಕ್ಕೆ ಕೆಲಸದ ಪರೀಕ್ಷೆಯ ಜೊತೆಗೆ ಜಪಾನಿ ಭಾಷೆಯ ಪರೀಕ್ಷೆಯೂ ಪಾಸಾಗಬೇಕು. ಜಪಾನಿ ಭಾಷಾ ಪರೀಕ್ಷೆ ಎನ್5ರಿಂದ ಎನ್1ರವರೆಗೆ ಐದು ಹಂತ. ಎನ್5 ಕೆಳಗಿನದು, ಎನ್1 ಮೇಲಿನದು. "ಮೂರು ತಿಂಗಳಲ್ಲಿ ಜಪಾನಿ, ಆಮೇಲೆ ವೀಸಾ" ಅಂತ ಬೋರ್ಡು ಹಾಕಿ ದುಡ್ಡು ಕೀಳುವವರು ಇದ್ದಾರೆ, ಹುಷಾರು. ಅನುವಾದದ ಕುರ್ಚಿಗೆ ಮೇಲಿನ ಹಂತಗಳು ಬೇಕು, ಅದು ವರ್ಷಗಳ ಓದು. ಅದಕ್ಕೇ ಇದು ಡಿಗ್ರಿಯಾಗಿ ಬೇಕು ಅನ್ನುವುದು.

ಗಲ್ಫಿಗೆ ಹೋಗುವವರ ಮಾತು ಇನ್ನೂ ಗಂಭೀರ. ಸೌದಿಯ ಕಾರ್ಮಿಕ ಕಾನೂನಿನಲ್ಲಿ, ಕರಾರು ಎರಡು ಭಾಷೆಯಲ್ಲಿದ್ದರೆ ಅರಬ್ಬಿ ಪ್ರತಿಯೇ ಅಂತಿಮ. ನಮ್ಮ ಡ್ರೈವರ್, ಪ್ಲಂಬರ್ ಹುಡುಗ ಇಂಗ್ಲಿಷ್ ಪ್ರತಿಯ ಮೇಲೆ ಸಂಬಳ ನೋಡಿ ಖುಷಿಪಟ್ಟು, ಅರಬ್ಬಿ ಪ್ರತಿಗೆ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ. ಒಂದು ಹೋಬಳಿಗೆ ಒಬ್ಬರಾದರೂ ಅರಬ್ಬಿ ಓದಬಲ್ಲ, ಏಜೆಂಟನ ಹಂಗಿಲ್ಲದ ಡಿಗ್ರಿ ಹುಡುಗ-ಹುಡುಗಿ ಇದ್ದರೆ ಎಷ್ಟು ಮನೆ ಉಳಿಯುತ್ತವೆ ಯೋಚಿಸಿ.

ಇನ್ನು ಶಾಸನ ಓದುವವರು. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕಚೇರಿ ಇರುವುದು ನಮ್ಮ ಮೈಸೂರಿನಲ್ಲೇ. ಅರಬ್ಬಿ-ಪಾರ್ಸಿ ಶಾಸನಗಳ ವಿಭಾಗ ನಾಗಪುರದಲ್ಲಿದೆ. ಹುದ್ದೆಗಳು ಸಾವಿರಗಟ್ಟಲೆ ಇಲ್ಲ, ನಿಜ. ಆದರೆ ಅದಕ್ಕೆ ಅರ್ಹರೂ ಸಾವಿರಗಟ್ಟಲೆ ಇಲ್ಲ.

ಭಾಷೆಗೆ ಜಾತಿ ಹಚ್ಚಿದ್ದು ಸಾಕು

ಉರ್ದು ಅಂದರೆ ಸಾಬರದ್ದು, ಸಂಸ್ಕೃತ ಅಂದರೆ ಬ್ರಾಹ್ಮಣರದ್ದು, ಪಾಳಿ ಅಂದರೆ ಬೌದ್ಧರದ್ದು, ಮರಾಠಿ ಅಂದರೆ ಗಡಿ ಜಗಳದವರದ್ದು. ಹೀಗೆ ಒಂದೊಂದು ಭಾಷೆಗೂ ಒಂದೊಂದು ಕೇರಿ ಮಾಡಿದ್ದೇವೆ. ನಿಜಾಮರ ಕಾಲದಲ್ಲಿ ಶಾಲೆ ಕಂಡ ನಮ್ಮ ಭಾಗದ ಲಿಂಗಾಯತರು, ಬ್ರಾಹ್ಮಣರು, ಮಿಕ್ಕವರು ಉರ್ದುವಿನಲ್ಲೇ ಓದಿದರು. ಅವರ ಜಾತಿ ಕೆಡಲಿಲ್ಲ, ಕನ್ನಡವೂ ಕೆಡಲಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದ್ದು ತಮಿಳು. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದರು.

ಕೇರಿ ಮಾಡಿದ್ದರಿಂದ ಲಾಭ ಯಾರಿಗೆ? ಕಾಗದ ಬಚ್ಚಿಡುವವರಿಗೆ. ಉರ್ದು ಓದಬಲ್ಲ ಹಿಂದೂ ಹುಡುಗಿ, ಹಳಗನ್ನಡ ಓದಬಲ್ಲ ಮುಸ್ಲಿಂ ಹುಡುಗ ಊರಿಗೊಬ್ಬರು ಇದ್ದರೆ ದರ್ಗಾದ ಜಮೀನಿನ ಹೆಸರಲ್ಲಿ, ಗುಡಿಯ ಜಮೀನಿನ ಹೆಸರಲ್ಲಿ ಬೆಂಕಿ ಹಚ್ಚುವವರ ಅರ್ಧ ಸುಳ್ಳು ಅಲ್ಲೇ ಸಾಯುತ್ತದೆ. ಕಾಗದದಲ್ಲಿ ಏನಿದೆ ಅಂತ ಓದಿ ಹೇಳಿದರೆ ಆಯಿತಲ್ಲ!

ಏನು ಕೇಳಬೇಕು, ಯಾರನ್ನು ಕೇಳಬೇಕು

ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಒಂದು ಆಟ ನಡೆಯುತ್ತದೆ. ಭಾಷಾ ವಿಷಯಕ್ಕೆ ಕಾಯಂ ಮೇಷ್ಟ್ರು ಇರುವುದಿಲ್ಲ. ಅತಿಥಿ ಉಪನ್ಯಾಸಕರು ವರ್ಷದ ನಡುವೆ ಬರುತ್ತಾರೆ. ಪಾಠ ಆಗುವುದಿಲ್ಲ ಅಂತ ಮಕ್ಕಳು ಸೇರುವುದಿಲ್ಲ. ಮಕ್ಕಳಿಲ್ಲ ಅಂತ ವಿಷಯವನ್ನೇ ಮುಚ್ಚುತ್ತಾರೆ. ಆಮೇಲೆ "ಹಳ್ಳಿ ಮಕ್ಕಳಿಗೆ ಆಸಕ್ತಿಯೇ ಇಲ್ಲ" ಅಂತ ವರದಿ ಬರೆಯುತ್ತಾರೆ. ನೀರು ಬಿಡದೆ ಬೆಳೆ ಒಣಗಿಸಿ, ಬೀಜ ಸರಿ ಇಲ್ಲ ಅಂದಂತೆ.

ಹಾಗಾಗಿ ನಮ್ಮ ಬೇಡಿಕೆ ಇಷ್ಟು.

ಒಂದು: ಕಲಬುರಗಿ ಭಾಗದ ವಿಶ್ವವಿದ್ಯಾಲಯಗಳು ಉರ್ದು ಕೈಬರಹ ಓದುವ, ಬೆಳಗಾವಿ-ಧಾರವಾಡ-ವಿಜಯಪುರದವು ಮೋಡಿ ಓದುವ ಪಾಠವನ್ನು ಡಿಗ್ರಿಯೊಳಗೇ ಇಡಲಿ. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಉರ್ದು-ಪಾರ್ಸಿ ವಿಭಾಗ ಇದೆ. ಆ ವಿಭಾಗದ ಮಕ್ಕಳಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸಂಬಳ ಕೊಟ್ಟು ತರಬೇತಿ ಕೊಡಲಿ. ಕಾಗದವೂ ಉಳಿಯುತ್ತದೆ, ಕೆಲಸವೂ ಹುಟ್ಟುತ್ತದೆ.

ಎರಡು: 371(ಜೆ) ಹೆಸರಲ್ಲಿ ಈ ಭಾಗಕ್ಕೆ ದುಡ್ಡು ಬರುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡ ಕಟ್ಟಿಸುತ್ತದೆ, ಕಾಂಪೌಂಡ್ ಕಟ್ಟಿಸುತ್ತದೆ. ಒಳಗೆ ಕಲಿಸಲು ಮೇಷ್ಟ್ರನ್ನೂ ಕೊಡಲಿ.

ಮೂರು: ಹತ್ತು ಮಕ್ಕಳಿದ್ದರೂ ಭಾಷಾ ವಿಷಯ ಮುಚ್ಚಬಾರದು. ಬೇಕಿದ್ದರೆ ನಾಲ್ಕು ಕಾಲೇಜು ಸೇರಿಸಿ ಒಂದು ಕಡೆ ನಡೆಸಲಿ, ಬಸ್ ಪಾಸ್ ಕೊಡಲಿ.

ಇದೆಲ್ಲ ಆಗುವವರೆಗೆ ಮಕ್ಕಳು ಕಾಯಬೇಕಿಲ್ಲ. ದೆಹಲಿಯ ಜೆಎನ್‌ಯುನಲ್ಲಿ ಪಿಯುಸಿ ಆದ ಮೇಲೆ ಪಾರ್ಸಿ, ಅರಬ್ಬಿ, ಚೀನಿ, ಜಪಾನಿ, ಕೊರಿಯನ್ ಭಾಷೆಗಳಲ್ಲಿ ಬಿಎ ಆನರ್ಸ್ ಇದೆ. ಖಾಸಗಿ ಕಾಲೇಜಿನ ಫೀಸಿಗೆ ಹೋಲಿಸಿದರೆ ಅಲ್ಲಿಯದು ತೀರಾ ಕಡಿಮೆ. ಪ್ರವೇಶ ಸಿಯುಇಟಿ ಮೂಲಕ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಯಾವ ಕೋರ್ಸಿಗೆ ಯಾವ ಪೇಪರ್ ಬೇಕು ಅಂತ ಅರ್ಜಿ ಹಾಕುವ ಮುಂಚೆಯೇ ನೋಡಿಕೊಳ್ಳಿ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಅರಬ್ಬಿ, ಜಪಾನಿ ಇವೆ. ಕಲಬುರಗಿಯಿಂದ ಅದು ಬೆಂಗಳೂರಿಗಿಂತ ಹತ್ತಿರ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಎಲ್ಲವೂ ಸರ್ಕಾರದವು, ನಿಮ್ಮ ತೆರಿಗೆಯಲ್ಲಿ ನಡೆಯುವಂಥವು. ಸಿಟಿಯ ಮಕ್ಕಳು ಆಗಲೇ ಅಲ್ಲಿ ಕೂತಿದ್ದಾರೆ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಎಲ್ಲ ಮಕ್ಕಳೂ ಭಾಷೆ ಓದಲಿ ಅಂತ ನಾನು ಹೇಳುತ್ತಿಲ್ಲ. ನೂರು ಮಕ್ಕಳಲ್ಲಿ ಇಬ್ಬರು ತಾವಾಗಿ ಕೇಳುತ್ತಾರೆ. ಅವರ ಕಾಲಿಗೆ ಹಗ್ಗ ಕಟ್ಟಬೇಡಿ. ಆ ಇಬ್ಬರು ಊರಿಗೆಲ್ಲ ಬೇಕಾದವರು.

ಅಡ್ಮಿಷನ್ ಇನ್ನೂ ಮುಗಿದಿಲ್ಲ. ನಿಮ್ಮ ತಾಲೂಕಿನ ಕಾಲೇಜಿಗೆ ಈ ವಾರ ಹೋಗಿ. ಪ್ರಿನ್ಸಿಪಾಲರನ್ನು ಕೇಳಿ: "ಸರ್, ಇಲ್ಲಿ ಯಾವ ಯಾವ ಭಾಷಾ ವಿಷಯ ಇತ್ತು, ಯಾವುದನ್ನು ಯಾವ ವರ್ಷ ಮುಚ್ಚಿದಿರಿ, ಯಾರ ಆದೇಶದಲ್ಲಿ?" ಬಾಯಿ ಮಾತಿಗೆ ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಉತ್ತರ ಬಂದರೆ ನಮಗೆ ಕಳಿಸಿ, ಕಾಲೇಜುವಾರು ಪಟ್ಟಿ ಮಾಡಿ ಇಲ್ಲೇ ಹಾಕುತ್ತೇವೆ.